ಪುಟ್ಟಮ್ಮನ ಸಾಲು ಹುಡುಕಿಕೊಂಡು ತಿರುಮಕೂಡಲಿಗೆ

ಆಷಾಢದ ಒಂದು ಬೆಳಿಗ್ಗೆ ಮೈಸೂರಿನಲ್ಲಿ ನಂಜನಗೂಡಿನ ರೈಲು ಹತ್ತಿದೆ. ಮೂರನೆಯ ದರ್ಜೆ, ಕಿಟಕಿಯಿಂದ ತುಂತುರು ಹೊಡೆಯುತ್ತಿತ್ತು. ಹೋದ ವರ್ಷ ಪ್ಲೇಗಿನಲ್ಲಿ ತೀರಿಕೊಂಡ ನನ್ನ ಹೆಂಡತಿ ಪುಟ್ಟಮ್ಮ ರಾಗಿ ಬೀಸುವಾಗ ಹೇಳುತ್ತಿದ್ದ ಪದದ ಧಾಟಿಯನ್ನು ಅವಳ ತವರಾದ ತಿರುಮಕೂಡಲಿನಲ್ಲಿ ಕೇಳಿ ಬರೆದುಕೊಂಡು ಬರಬೇಕಾಗಿತ್ತು.

ಈ ಹುಚ್ಚು ಹತ್ತಿಸಿದವರು ನಾನು ಪಿಯಾನೋ ಶ್ರುತಿ ಮಾಡಿಕೊಡುವ ಮನೆಯ ದೊರೆಸಾನಿ. ಅವರ ದೇಶದಲ್ಲಿ ಮುನ್ನೂರು ವರ್ಷಗಳ ಹಿಂದೆ ವಿದ್ವಾಂಸರು ಬೀದಿಯ ಜನ ಗುನುಗುವ ಹಾಡನ್ನೇ ಹಿಡಿದು, ಪಿಯಾನೋದಂಥ ವಾದ್ಯದ ಮೇಲೆ ಹತ್ತು ಹನ್ನೆರಡು ಬಗೆಯಾಗಿ ತಿರುಗಿಸಿ ನುಡಿಸುತ್ತಿದ್ದರಂತೆ. ಅವರು ನುಡಿಸಿ ತೋರಿಸಿದಾಗ ಬೆರಗಾದೆ. ಪುಟ್ಟಮ್ಮನ ಪದವನ್ನೂ ಹಾಗೆ ನನ್ನ ಹಾರ್ಮೋನಿಯಂಗೆ ಕಟ್ಟಬೇಕು, ಅವಳದೆಂದು ಅಷ್ಟಾದರೂ ಮನೆಯಲ್ಲಿ ಉಳಿಯಲಿ ಎನ್ನಿಸಿತು. ಕೂತರೆ ಮೊದಲ ಸಾಲು ಬಿಟ್ಟು ಬೇರೇನೂ ನೆನಪಾಗಲಿಲ್ಲ.

ನಂಜನಗೂಡಿನಲ್ಲಿ ಇಳಿದು ಒಂದು ಚಿಪ್ಪು ರಸಬಾಳೆ ಕೊಂಡು, ನರಸೀಪುರದ ಪಕ್ಕದ ತಿರುಮಕೂಡಲಿಗೆ ಎತ್ತಿನ ಗಾಡಿ ಮಾಡಿದೆ. ಹದಿನೆಂಟು ಮೈಲಿ ಕೆಸರು. ಗಾಡಿಯವನು ನನ್ನ ಕೆಲಸ ಕೇಳಿ ನಕ್ಕ. "ಬೀಸೋ ಪದ ಕೇಳಕ್ಕೆ ಇಷ್ಟು ದೂರ ಬಂದ್ರಾ ಸಾ? ನಮ್ಮನೇಲಿ ಸಾಕು ಅಂದ್ರೂ ನಿಲ್ಸಾಕಿಲ್ಲ!"

"ನಿಲ್ಲಿಸಬೇಡ ಕಣಯ್ಯ," ಎಂದೆ.

ಸಂಜೆ ತಿರುಮಕೂಡಲು ಮುಟ್ಟಿದಾಗ ಹೊಳೆ ಕೆಂಪಗೆ ತುಂಬಿತ್ತು. ಪುಟ್ಟಮ್ಮನ ಅಣ್ಣನ ಹೆಂಡತಿ ಕೆಂಪಮ್ಮ ಮುದ್ದೆ, ಹುರುಳಿ ಸಾರು ಬಡಿಸಿದಳು. ಮದುವೆಗೆ ಮುಂಚೆ ಪುಟ್ಟಮ್ಮ ಇವಳ ಎದುರು ಕೂತೇ ಬೀಸುತ್ತಿದ್ದದ್ದು. ಪದ ಹೇಳು ಎಂದರೆ, "ಸುಮ್ನೆ ಕೂತ್ರೆ ಬರಾಕಿಲ್ಲ ಅಣ್ಣ, ಕಲ್ಲು ತಿರುಗ್ಬೇಕು" ಎಂದಳು.

ಬೆಳಗಿನ ಜಾವ ಕಲ್ಲು ತಿರುಗಿತು. ಕೆಂಪಮ್ಮ ಒಂದು ಸಾಲು ಹೇಳಿದಳು. ನಾನು ಬರೆದುಕೊಂಡೆ. ಆಮೇಲೆ ಅವಳು ಬಾಯಿ ಮುಚ್ಚಿ ಬರಿದೇ ಬೀಸಿದಳು. ಅಷ್ಟೇ ಹೊತ್ತು ಬಿಟ್ಟು ಇನ್ನೊಂದು ಸಾಲು. ಮತ್ತೆ ಬರಿಯ ಕಲ್ಲಿನ ಸದ್ದು.

"ನಡುವಿನದು ಬಿಟ್ಟೆಯಲ್ಲ ತಂಗ್ಯವ್ವ?"

"ಅದು ನಮ್ ನಾದ್ನಿ ಪಾಲು. ಎದುರು ಕೂತೋರು ಹೇಳ್ಬೇಕು."

"ನೀನು ಕೇಳಿದ್ದೀಯಲ್ಲ, ಹೇಳು."

"ಯಾವುದ ಹೇಳನ? ಇವತ್ತು ಹೇಳ್ದಂಗೆ ಅವ್ಳು ನಾಳೆ ಹೇಳ್ತಿರ್ನಿಲ್ಲ. ದಿನಾ ಒಂದೊಂದು ತರ ತಿರುಗ್ಸೋಳು. ಏಳು ವರ್ಸ ಒಂದೇ ಮನೇಲಿದ್ರಲ್ಲಣ್ಣ, ನೀವು ಕೇಳ್ನಿಲ್ವಾ?"

ಮೈಸೂರಿನಲ್ಲಿ ಅವಳು ಬೀಸಲು ಕೂರುವ ಹೊತ್ತಿಗೇ ನಾನು ಹಾರ್ಮೋನಿಯಂ ಮುಂದೆ ಕೂರುತ್ತಿದ್ದೆ. "ಸಾಕು ಮಾಡೇ, ನನ್ನ ಅಭ್ಯಾಸ ಕೆಡುತ್ತೆ" ಎಂದು ಎಷ್ಟೋ ಸಲ ಗದರಿದ್ದೆ. ಕೊನೆಯ ಎರಡು ವರ್ಷ ಅವಳು ಬಾಯಿ ಬಿಡದೆ ಬೀಸಿದಳು. ದೊರೆಸಾನಿಯ ಮನೆಯಲ್ಲಿ ಬೆರಗಾದವನಿಗೆ ನನ್ನ ಮನೆಯ ಪಡಸಾಲೆಯಲ್ಲಿ ಕಿವಿ ಇರಲಿಲ್ಲ. ಕೆಂಪಮ್ಮನ ಮುಖ ನೋಡಲು ನಾಚಿಕೆಯಾಯಿತು.

ಅದೇ ಗಾಡಿ, ಅದೇ ಕೆಸರು, ಅದೇ ರೈಲಿನಲ್ಲಿ ಹಿಂತಿರುಗಿದೆ.

ಈಗ ದಿನಾ ಬೆಳಿಗ್ಗೆ ಕೆಂಪಮ್ಮನ ಸಾಲುಗಳನ್ನು ನುಡಿಸುತ್ತೇನೆ. ಪುಟ್ಟಮ್ಮನ ಪಾಲು ಬಂದಾಗ ಬಲಗೈ ಎತ್ತಿಬಿಡುತ್ತೇನೆ. ಎಡಗೈ ತಿದಿ ಒತ್ತುತ್ತಲೇ ಇರುತ್ತದೆ; ಗಾಳಿಯ ಸದ್ದಷ್ಟೇ ಕೇಳುತ್ತದೆ. ಅಷ್ಟು ಹೊತ್ತು ಅವಳನ್ನು ಯಾರೂ ಗದರುವುದಿಲ್ಲ.