ಪಕ್ಕದ ಮನೆಯ ಹಿತ್ತಲಿಗೆ ಬರುತ್ತಿದ್ದವನು

ನನಗೆ ಮೊದಲಿನಿಂದಲೂ ಅನುಮಾನ ಜಾಸ್ತಿ. ಬಾಗಿಲಿಗೆ ಬೀಗ ಹಾಕಿ ಕಾರಿನ ತನಕ ಹೋದವನು ವಾಪಸು ಬಂದು ಹಿಡಿಕೆ ಜಗ್ಗಿ ನೋಡುತ್ತೇನೆ. ಕ್ಯಾಲಿಫೋರ್ನಿಯಾದ ಗ್ಲೆಂಡೇಲ್‌ನಲ್ಲಿ ಕೆಲಸ ಮಾಡುತ್ತಿದ್ದಾಗ ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯಲ್ಲಿದ್ದೆವು. ಅಷ್ಟು ಮೆಟ್ಟಿಲು ಹತ್ತಿ ಬಂದು ಒಯ್ಯುವಂಥದ್ದು ನಮ್ಮಲ್ಲಿ ಏನೂ ಇಲ್ಲವೆಂಬ ಧೈರ್ಯವಿತ್ತು. ಸ್ಯಾನ್ ಡಿಯಾಗೋದಲ್ಲಿ ಬೇರೆ ಕೆಲಸ ಸಿಕ್ಕಿ, ಹಿತ್ತಲು ಇರುವ ಮನೆ ಕೊಂಡ ಮೇಲೆ ಆ ಧೈರ್ಯ ಹೋಯಿತು. ಮನೆ ತೋರಿಸಿದ ಏಜೆಂಟ್ ಹಿಂದಿನ ಗಾಜಿನ ಜಾರುಬಾಗಿಲು ಸರಿಸಿ, ಎಷ್ಟು ಬೆಳಕು ಬರುತ್ತದೆ ನೋಡಿ ಎಂದಿದ್ದ. ನಾನು ಅದರಿಂದ ಇನ್ನೇನೇನು ಬರಬಹುದು ಎಂದು ಯೋಚಿಸುತ್ತಿದ್ದೆ.

ಮಗ ಹುಟ್ಟಿದ್ದು 2012ರಲ್ಲಿ. ಬಾಣಂತನಕ್ಕೆಂದು ಧಾರವಾಡದಿಂದ ಅವ್ವ ಬಂದಳು. ನಾನೂ ಹೆಂಡತಿಯೂ ಕೂಸಿನ ಜೊತೆ ರಾತ್ರಿಯೆಲ್ಲ ಎದ್ದು, ಬೆಳಗಿನ ಹೊತ್ತಿಗೆ ಮೈಮರೆತು ಮಲಗುತ್ತಿದ್ದೆವು; ನಾಲ್ಕು ವರ್ಷದ ಮಗಳು ಅಜ್ಜಿಯ ಕೋಣೆಗೆ ವರ್ಗವಾದಳು. ಅದೇ ದಿನಗಳಲ್ಲಿ ನಮಗೆ ಪರಿಚಯದ ಕನ್ನಡದ ಕುಟುಂಬವೊಂದು ಲಾಸ್ ಏಂಜಲೀಸ್ ಕಡೆಗೆ ಹೋಗಿ, ಆರ್ಟೀಸಿಯಾದ ಭಾರತೀಯರ ಅಂಗಡಿಗಳಲ್ಲಿ ಬಂಗಾರ ಕೊಂಡು ಬಂತು. ವಾರ ಕಳೆಯುವುದರೊಳಗೆ ಅವರ ಮನೆಗೆ ಕಳ್ಳರು ನುಗ್ಗಿದರು. ಮುಂದಿನ ಪಾಟ್‌ಲಕ್‌ನಲ್ಲಿ ಎಲ್ಲರೂ ಮನೆಯಿಂದ ಅಡುಗೆ ತಂದು ಸೇರಿದಾಗ, ಬಿಸಿಬೇಳೆಬಾತ್ ತಣ್ಣಗಾಗುವವರೆಗೂ ಇದೇ ಮಾತು. ಅಂಗಡಿಯಿಂದಲೇ ಹಿಂಬಾಲಿಸಿದ್ದಾರೆ ಎಂದು ಒಬ್ಬರು. ಬಾಗಿಲ ಮುಂದಿನ ಚಪ್ಪಲಿ, ತೋರಣ, ರಂಗೋಲಿ ನೋಡಿಯೇ ನಮ್ಮವರ ಮನೆ ಗುರುತಿಸುತ್ತಾರೆ ಎಂದು ಇನ್ನೊಬ್ಬರು. ಅವತ್ತೇ ನಾನು ತೋರಣ ಬಿಚ್ಚಿ, ಚಪ್ಪಲಿ ಒಳಗಿಟ್ಟು, ರಂಗೋಲಿ ತೊಳೆದೆ. ಮರುದಿನ ನೋಡಿದರೆ ಅವ್ವ ಹೊಸದು ಹಾಕಿದ್ದಳು, ಹಿಂದಿನದಕ್ಕಿಂತ ದೊಡ್ಡದು.

ಬಂಗಾರವನ್ನು ಬ್ಯಾಂಕಿನ ಲಾಕರಿಗೆ ಹಾಕಿದೆವು. ಹೆಂಡತಿ ಮಕ್ಕಳನ್ನು ಎಲ್ಲಿ ಇಡುವುದು? ಸೋಲಾರ್ ಹಾಕಿಸಿಕೊಳ್ಳಿ ಎಂದು ಬಂದ ಹುಡುಗ ನನ್ನ ಹೆಗಲ ಮೇಲಿನಿಂದ ಒಳಗೆ ಇಣುಕಿದ. ಬಿಳಿ ವ್ಯಾನೊಂದು ಎದುರಿಗೆ ನಿಂತು ಬಹಳ ಹೊತ್ತು ಕದಲಲಿಲ್ಲ. ನಾಯಿ ಹಿಡಿದು ಓಡಾಡುವವನೊಬ್ಬ ನಾಯಿಗಿಂತ ಹೆಚ್ಚು ಮನೆಗಳನ್ನೇ ನೋಡುತ್ತಿದ್ದ. ಇವರಲ್ಲಿ ಒಬ್ಬನಾದರೂ ಕಳ್ಳನೇ ಇರಬೇಕೆಂದು ನನಗೆ ಖಾತ್ರಿ. ಗ್ರೀನ್ ಕಾರ್ಡ್ ಬಂದಿತ್ತು, ಕಾನೂನಿನ ಅಡ್ಡಿ ಇರಲಿಲ್ಲ. ಮನೆಗೊಂದು ಬಂದೂಕು ಬೇಕೆಂದು ತೀರ್ಮಾನಿಸಿದೆ.

ಅಂಗಡಿ ಊರಾಚೆ ಇತ್ತು. ಗಾಜಿನ ಕಪಾಟಿನೊಳಗೆ ಪಿಸ್ತೂಲುಗಳು, ಗೋಡೆಗೆ ಉದ್ದನೆಯವು. ಕೌಂಟರಿನವನು ಮೊದಲು ಕೇಳಿದ್ದು ಮನೆಯಲ್ಲಿ ಯಾರ್ಯಾರು ಇದ್ದಾರೆ ಎಂದು. ಇದೆಲ್ಲ ಇವನಿಗೆ ಯಾಕೆ ಬೇಕು ಎಂದುಕೊಂಡೇ ಹೇಳಿದೆ. ಚಿಕ್ಕ ಮಕ್ಕಳಿದ್ದರೆ ಪಿಸ್ತೂಲೇ ಸರಿ, ಹಾಸಿಗೆಯ ಪಕ್ಕ ಪುಟ್ಟ ಉಕ್ಕಿನ ಪೆಟ್ಟಿಗೆ ಬಿಗಿದು ಅದರಲ್ಲಿಡಬಹುದು, ಬೆರಳುಗಳನ್ನು ಸರಿಯಾದ ಕ್ರಮದಲ್ಲಿ ಒತ್ತಿದರೆ ಮಾತ್ರ ತೆರೆಯುತ್ತದೆ ಎಂದ. ನಿದ್ದೆಗಣ್ಣಿನಲ್ಲಿ ಕ್ರಮ ತಪ್ಪಿದರೆ ಎಂದು ಕೇಳಿದೆ. ಅಭ್ಯಾಸ ಮಾಡಬೇಕು ಎಂದ. ಪೆಟ್ಟಿಗೆಗೆ ಬೇರೆ ದುಡ್ಡು ಎಂದು ಗೊತ್ತಾದ ಮೇಲೆ ಪಿಸ್ತೂಲಿನ ಮೇಲೆ ಅವನಿಗೆ ಯಾಕಷ್ಟು ಪ್ರೀತಿ ಎಂಬುದು ಅರ್ಥವಾಯಿತು. ಗುಂಡು ಗೋಡೆ ದಾಟಿ ಹೋಗುತ್ತದೆಯೇ ಎಂದರೆ, ಹೋಗುತ್ತದೆ, ಇಲ್ಲಿನ ತೆಳು ಹಲಗೆಯ ಗೋಡೆಗಳೇ ಹಾಗೆ ಎಂದ. ವ್ಯಾಪಾರಕ್ಕೆ ಕೂತವನು ಇಷ್ಟು ಸಲೀಸಾಗಿ ನಿಜ ಹೇಳಿದ್ದು ನೋಡಿ ನನ್ನ ಅನುಮಾನ ಇನ್ನಷ್ಟು ಹೆಚ್ಚಿತು.

ಮನೆಗೆ ಬಂದು ನಮ್ಮ ಕೋಣೆಗೂ ಅವ್ವನ ಕೋಣೆಗೂ ನಡುವಿನ ಗೋಡೆಯನ್ನು ಬೆರಳಿನಿಂದ ಬಡಿದೆ. ಡೊಬ್ಬೆಂದಿತು. ಅದರ ಆಚೆಗೆ ಮಗಳ ತಲೆದಿಂಬು. ಕೂಸಿಗೆ ಹಾಲು ಕುಡಿಸುತ್ತಿದ್ದ ಹೆಂಡತಿ ನೋಡುತ್ತಲೇ ಇದ್ದಳು. ಅವಳು ಬೆಂಗಳೂರಿನವಳು, ನೇರ ಮಾತು.

"ಅಲ್ಲ, ಬೀಗ ಹಾಕಿಟ್ರೆ ಕಳ್ಳ ಬಂದಾಗ ನಿಮ್ ಕೈಗೆ ಸಿಗಲ್ಲ. ಹಾಕ್ದೆ ಇಟ್ರೆ ಮಗಳ ಕೈಗೆ ಸಿಗುತ್ತೆ. ಯಾವ್ದು ತಂದ್ರೂ ಕಥೆ ಇಷ್ಟೇ ತಾನೆ?"

"ಹಾಗಂತ ಸುಮ್ನೆ ಕೂರಕ್ಕಾಗುತ್ತಾ?"

"ನಿಮಗೆ ಕಳ್ಳ ಬರ್ತಾನೆ ಅನ್ನೋ ಭಯಕ್ಕಿಂತ, ಬರ್ದೇ ಹೋದ್ರೆ ಅನ್ನೋ ಬೇಜಾರೇ ಜಾಸ್ತಿ ಇದ್ದ ಹಾಗಿದೆ."

ಅವ್ವ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. "ತರೂದಾದ್ರ ತಾ ತಮ್ಮಾ," ಎಂದಳು. "ದಸರಾದಾಗ ಖಂಡೇ ಪೂಜಾಕ್ಕ ಇಡೂಣಂತ. ನಿಮ್ಮ ಮನ್ಯಾಗ ಕುಡಗೋಲು ಸೈತ ಇಲ್ಲ." ಆಯುಧಪೂಜೆಗೆ ಇಡಲು ಈ ಮನೆಯಲ್ಲಿ ಕಾರು, ಕಂಪ್ಯೂಟರ್ ಬಿಟ್ಟರೆ ಏನೂ ಇಲ್ಲವೆಂಬುದು ಅವಳ ಹಳೆಯ ಕೊರಗು.

ಪಕ್ಕದ ಮನೆಯಲ್ಲಿ ಅಮೆರಿಕದ ನೌಕಾಪಡೆಯಿಂದ ನಿವೃತ್ತರಾದ ಮುದುಕರೊಬ್ಬರು ಒಂಟಿಯಾಗಿದ್ದರು. ಹಿತ್ತಲ ತುಂಬ ಎದೆಯೆತ್ತರದ ದಾಸವಾಳದ ಗಿಡಗಳು, ಬೇಲಿಗುಂಟ ಕಣಗಿಲೆ. ಬಂದೂಕಿನ ವಿಷಯ ಎತ್ತಿದ ಕೂಡಲೇ ತಮ್ಮ ಗ್ಯಾರೇಜಿಗೆ ಕರೆದುಕೊಂಡು ಹೋಗಿ, ಬೀಗದ ಕಪಾಟಿನಿಂದ ಶಾಟ್‌ಗನ್ ತೆಗೆದು, ಒಳಗೆ ಗುಂಡಿಲ್ಲವೆಂದು ತೋರಿಸಿ ನನ್ನ ಕೈಗಿಟ್ಟರು. ಸಣ್ಣ ಚರೆಗಳನ್ನು ಹಾಕಿದರೆ ಗೋಡೆ ದಾಟುವಾಗ ಕಸುವು ಬೇಗ ಕಡಿಮೆಯಾಗುತ್ತದೆ, ಚಿಕ್ಕ ಮಕ್ಕಳಿರುವ ಮನೆಗೆ ಇದೇ ವಾಸಿ ಎಂದರು. ಗುಂಡು ಏರಿಸಲು ಇದನ್ನು ಹಿಂದಕ್ಕೆ ಎಳೆಯುವ ಸದ್ದಿಗೇ ಕಳ್ಳ ಓಡುತ್ತಾನಂತೆ. ಆ ಸದ್ದಿಗೆ ನಮ್ಮ ಕೂಸೂ ಏಳುತ್ತದಲ್ಲ ಎಂದು ನನಗೆ ಚಿಂತೆ. ಇವರು ಇಷ್ಟು ಉಪಕಾರ ಮಾಡುವುದರ ಹಿಂದೆ ಏನಿರಬಹುದೆಂದೂ ಯೋಚಿಸಿದೆ. ಏನೂ ಹೊಳೆಯದ್ದರಿಂದ ಅವರ ಮಾತಿಗೇ ಒಪ್ಪಿ, ಅಂಗಡಿಗೆ ಹೋಗಿ ಅಂಥದ್ದೇ ಒಂದನ್ನು ಆರಿಸಿ ಬಂದೆ. ದುಡ್ಡು ಕೊಟ್ಟ ಕೂಡಲೇ ಒಯ್ಯುವ ಹಾಗಿರಲಿಲ್ಲ. ಕೆಲವು ದಿನ ಕಾಯಬೇಕೆಂಬುದು ಇಲ್ಲಿನ ಕಾನೂನು.

ಆ ಕಾಯುವ ದಿನಗಳಲ್ಲೇ ಒಂದು ಸಂಜೆ ಮುದುಕರು ಬೇಲಿಯ ಹತ್ತಿರ ಕರೆದು ದನಿ ತಗ್ಗಿಸಿ ಹೇಳಿದರು: "ಬೆಳಗಿನ ಜಾವ ಯಾರೋ ನನ್ನ ಹಿತ್ತಲಿಗೆ ಬರ್ತಿದ್ದಾನೆ. ಪಕ್ಕದ ಗೇಟಿನ ಚಿಲಕ ತೆಗೆದಿರುತ್ತೆ. ಒಂದು ಸಲ ಕಿಟಕಿಯಿಂದ ಕಂಡ. ಕಪ್ಪು ಜಾಕೆಟ್ಟು, ತಲೆ ಮುಚ್ಚಿದ ಟೋಪಿ, ಕೈಯಲ್ಲೊಂದು ಚೀಲ."

ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಸಮಾಧಾನವೇ ಆಯಿತು. ನಾನು ಹುಚ್ಚನಲ್ಲ ಎಂದು ಹೆಂಡತಿಗೆ ತೋರಿಸಬಹುದಿತ್ತು. ಅವನು ಏನೂ ಕದಿಯುತ್ತಿಲ್ಲವೆಂದರೆ ಮನೆಗಳನ್ನು ಅಳೆಯುತ್ತಿದ್ದಾನೆ ಎಂದೆ. ಮುದುಕರು ತಲೆಯಾಡಿಸಿದರು. ಇನ್ನು ಮೇಲೆ ಅಡುಗೆಮನೆಯ ಕಿಟಕಿಯ ಬಳಿ ಕೂತು ಕಾಯುತ್ತೇನೆ, ಖಾಲಿ ಕೈಯಲ್ಲಂತೂ ಅಲ್ಲ ಎಂದರು.

ಮನೆಯಲ್ಲಿ ಎಲ್ಲರನ್ನೂ ಕೂರಿಸಿ ಹೇಳಿದೆ. ಅವ್ವ ಕಣ್ಣರಳಿಸಿ ಕೇಳಿದಳು. "ಹೌದಪಾ, ಕಾಲ ಕೆಟ್ಟೈತಿ," ಎಂದಳು. ಅವತ್ತಿನಿಂದ ಗಾಜಿನ ಬಾಗಿಲಿಗೆ ಒಳಗಿನಿಂದ ಒಂದು ಕೋಲನ್ನೂ ಅಡ್ಡ ಇಟ್ಟು ಮಲಗಿದೆ.

ಒಂದೆರಡು ದಿನ ಬಿಟ್ಟು, ನಾನು ಆಫೀಸಿನಿಂದ ಬಂದು ಕಾರಿನಿಂದ ಇಳಿಯುತ್ತಿದ್ದಂತೆ ಮುದುಕರು ಮತ್ತೆ ಕರೆದರು. ಮುಖ ಬಿಗಿದುಕೊಂಡಿತ್ತು.

"ಇವತ್ತು ಬಂದಿದ್ದ. ಗುಂಡು ತುಂಬಿಕೊಂಡು ಕೂತಿದ್ದೆ. ಗೇಟು ತೆರೀತು, ಎತ್ತಿ ಹಿಡಿದೆ. ಆದರೆ ಗೇಟಿನಲ್ಲಿ ಯಾರೂ ಇಲ್ಲ, ತಾನೇ ತೆರೆದ ಹಾಗೆ. ಅದಕ್ಕೇ ತಡೆದೆ. ಆಮೇಲೆ ಗಿಡಗಳ ಹಿಂದೆ ಆ ಟೋಪಿ ಕಾಣಿಸ್ತು, ನಾನು ಎದ್ದು ಬರುವಷ್ಟರಲ್ಲಿ ಮಾಯ. ನಾಳೆ ಹಿತ್ತಲಲ್ಲೇ ನಿಂತಿರ್ತೀನಿ." ಆಮೇಲೆ ತಲೆ ಕೆರೆದುಕೊಂಡು, "ವಿಚಿತ್ರ ಏನು ಗೊತ್ತಾ? ಒಯ್ದದ್ದು ಬರೀ ಹೂವು. ಅದೂ ಮೊಗ್ಗು ಮುಟ್ಟಿಲ್ಲ. ಒಂದೊಂದು ಗಿಡದಲ್ಲೂ ಒಂದೆರಡು ಹೂವು ಬಿಟ್ಟು ಹೋಗಿದ್ದಾನೆ," ಎಂದರು.

ಗಿಡವನ್ನು ಬರಿದು ಮಾಡಬಾರದು, ಅದಕ್ಕೂ ಎರಡು ಬಿಡಬೇಕು ಎಂದು ನನ್ನ ಕೈ ಮೇಲೆ ಹೊಡೆದು ಕಲಿಸಿದವರು ಯಾರೆಂದು ನನಗೆ ಗೊತ್ತು. ಸ್ನಾನ, ಲಿಂಗಪೂಜೆ ಆಗದೆ ಅವ್ವ ಒಂದು ಗುಟುಕು ಚಹಾ ಸಹ ಕುಡಿಯುವವಳಲ್ಲ. ನಮ್ಮ ಹಿತ್ತಲಲ್ಲಿದ್ದದ್ದು ಒಂದು ನಿಂಬೆಗಿಡ ಮಾತ್ರ. ಆದರೂ ದಿನಾ ಪೂಜೆಯ ತಟ್ಟೆಯ ತುಂಬ ದಾಸವಾಳ. ಊರವರ ಮೇಲೆಲ್ಲ ಅನುಮಾನಪಟ್ಟ ನಾನು ಆ ಹೂವುಗಳ ಮುಂದೆ ದಿನಾ ಕೈಮುಗಿದು ಆಫೀಸಿಗೆ ಹೋಗುತ್ತಿದ್ದೆ. ಚಳಿಗೆಂದು ಅವಳಿಗೆ ಕೊಟ್ಟಿದ್ದು ನನ್ನದೇ ಹಳೆಯ, ಟೋಪಿ ಇರುವ ಕಪ್ಪು ಜಾಕೆಟ್ಟು. ನಾನು ಇಟ್ಟ ಕೋಲು ಹೊರಗಿನವರಿಗಷ್ಟೇ ಅಡ್ಡಿ. ಒಳಗಿದ್ದವರು ತೆಗೆದಿಟ್ಟು ಹೋಗಬಹುದಿತ್ತು.

ಒಂದು ನಿಮಿಷ ಎಂದು ಮುದುಕರಿಗೆ ಹೇಳಿ ಮನೆಯೊಳಗೆ ಹೋದೆ. ಅವ್ವ ಕೂಸಿಗೆ ಕಾಲು ನೀವುತ್ತಿದ್ದಳು.

"ಅವ್ವಾ, ಪೂಜಾಕ್ಕ ಹೂವು ಎಲ್ಲಿಂದ ತರ್ತಿ?"

"ಬಾಜೂ ಮನ್ಯಾಗಿಂದ. ಎಷ್ಟ ಚಂದ ದಾಸಾಳ ಅದಾವ. ಆ ಮುದಕಪ್ಪ ದೇವರಿಗೆ ಏರಿಸೂದಿಲ್ಲ, ಮುಡಿಯೂದಿಲ್ಲ, ಸಂಜಿಗೆ ಬಾಡಿ ಬೀಳ್ತಾವ."

"ಕೇಳದ ತರ್ತಿಯಲ್ಲ."

"ದೇವರಿಗೆ ಹೂವು ಒಯ್ದ್ರ ಕಳವು ಅಂತಾರೇನು? ಊರಾಗ ಯಾರ್ನ ಕೇಳಿ ತರ್ತಿದ್ವಿ?"

"ಬೆಳಗಿನ್ಯಾಗ ಕಳ್ಳ ಬರ್ತಾನ ಅಂತ ಹೇಳಿದ್ದೆನಲ್ಲ?"

"ಅದಕ್ಕ ಲಗೂ ಹೋಗಿ ಲಗೂ ಬರ್ತಿದ್ದೆ," ಎಂದಳು ಅವ್ವ.

ಈಗಲೇ ಬಾ, ಅವರ ಮುಂದೆ ತಪ್ಪಾಯಿತೆಂದು ಹೇಳೋಣ ಎಂದೆ. ಬರಿಗೈಯಲ್ಲಿ ಒಬ್ಬರ ಮನೆಗೆ ಹೋಗಬಾರದೆಂದು ಅವಳು ಶೇಂಗಾ ಹೋಳಿಗೆಯ ಡಬ್ಬಿ ತೆಗೆದುಕೊಂಡಳು. ಅಜ್ಜಿ ಹೊರಟದ್ದು ಕಂಡು ಮಗಳೂ ಟಿವಿ ಬಿಟ್ಟು ಶೂ ಹಾಕಿಕೊಂಡಳು.

ಮುದುಕರು ತಮ್ಮ ಮನೆಯ ಮುಂದೆಯೇ ನಿಂತಿದ್ದರು. ನಾನು ತಡವರಿಸುತ್ತ ಎಲ್ಲ ಹೇಳಿದೆ: ಇವಳು ನನ್ನ ತಾಯಿ, ಪೂಜೆಗೆ ಹೂವು, ನಮ್ಮ ಕಡೆ ಇದು ಹೀಗೆ. ಅವರು ಅವ್ವನನ್ನೂ ಅವಳ ಕೈಯ ಡಬ್ಬಿಯನ್ನೂ ನೋಡಿದರು. ಮುಖದ ಬಿಗಿ ಸಡಿಲವಾಗಿ, ಇನ್ನೇನು ನಗುತ್ತಾರೆ ಅನ್ನಿಸಿತು. ಅಷ್ಟರಲ್ಲಿ ಮಗಳು ನನ್ನ ಕೈ ಬಿಡಿಸಿಕೊಂಡು ಓಡಿದಳು. ಮುಂಬಾಗಿಲಿಗಲ್ಲ, ಪಕ್ಕದ ಗೇಟಿಗೆ. ಹಲಗೆಗಳ ಸಂದಿನಲ್ಲಿ ಕೈ ತೂರಿಸಿ ಒಳಗಿನ ಚಿಲಕ ಎತ್ತಿದಳು. ದೊಡ್ಡವರ ಕೈ ಆ ಸಂದಿನಲ್ಲಿ ಹೋಗುವಂತಿರಲಿಲ್ಲ. ಗೇಟು ತೆರೆಯಿತು.

"ಐ ಗೋ ಫಸ್ಟ್," ಎಂದಳು. "ಅಜ್ಜಿ ಈಸ್ ಸ್ಲೋ."

ಮುದುಕರು ಗೇಟಿನ ಹತ್ತಿರ ಹೋಗಿ ಬಾಗಿ, ಅಂಗೈಯನ್ನು ಅವಳ ತಲೆಯ ಮೇಲೆ, ಮುಟ್ಟದೆ, ಅಡ್ಡಲಾಗಿ ಹಿಡಿದರು. ಆಮೇಲೆ ಅದೇ ಕೈಯನ್ನು ನಿಧಾನವಾಗಿ ಮೇಲೆತ್ತಿ ತಮ್ಮ ಎದೆಯ ಮಟ್ಟಕ್ಕೆ ತಂದರು.

"ನಾನು ಬಂದೂಕು ಇಲ್ಲಿಗೆ ಹಿಡಿದಿದ್ದೆ," ಎಂದರು ನನ್ನನ್ನು ನೋಡದೆ. "ಇಲ್ಲಿ ಯಾರೂ ಇರಲಿಲ್ಲ." ಅಷ್ಟು ಹೇಳಿ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಹಾರಿಸಿದ್ದರೆ ಗೇಟಿನ ಪಕ್ಕದ ಆ ಮರದ ಹಲಗೆಗಳ ಹಿಂದೆ, ನಿಧಾನವಾಗಿ ಬರುತ್ತಿದ್ದ ಅವ್ವ ಇದ್ದಳು. ಅವರು ಒಂದು ಗೇಣು ಕೆಳಗೆ ಗುರಿಯಿಟ್ಟಿದ್ದರೆ, ಗಿಡಗಳ ಮರೆಯಲ್ಲಿ ಮಗಳು ಇದ್ದಳು. ಯಾವ ಬಂದೂಕು, ಎಲ್ಲಿ ಇಡುವುದು, ಹೇಗೆ ಬೀಗ ಹಾಕುವುದು ಎಂಬುದೆಲ್ಲ ನನ್ನ ಮಟ್ಟಿಗೆ ಅಲ್ಲೇ ಮುಗಿಯಿತು. ಅಂಗಡಿಯಲ್ಲಿದ್ದುದನ್ನು ತರಲು ನಾನು ಹೋಗಲಿಲ್ಲ. ಮಗಳನ್ನು ಎತ್ತಿಕೊಂಡೆ. ಇಷ್ಟು ಬಿಗಿಯಾಗಿ ಯಾಕೆ ಹಿಡಿದಿದ್ದೀಯ ಎಂದು ಅವಳು ಇಂಗ್ಲಿಷಿನಲ್ಲಿ ಜಗಳ ಮಾಡಿದಳು.

ಅವ್ವನಿಗೆ ಇಂಗ್ಲಿಷ್ ಬಾರದು. ಡಬ್ಬಿ ಹಿಡಿದುಕೊಂಡು ನಮ್ಮಿಬ್ಬರ ಮುಖ ನೋಡುತ್ತಿದ್ದಳು.

"ಏನಂತಾರಪಾ ಅವರು? ಸಿಟ್ಟಾಗ್ಯಾರೇನು?"

"ಇಲ್ಲವ್ವಾ. ಹೂವು ಬೇಕಾದಷ್ಟು ಒಯ್ರಿ ಅಂತಾರ."

"ಹಂಗಾರ ನೀ ಯಾಕ ಅಳಾಕತ್ತಿ?"