ಅಕ್ಕನ ಮನೆಯ ನಿದ್ದೆ

ನನ್ನ ಮಗಳು ಅಕ್ಕನ ಮನೆಯಲ್ಲಿ ಮೂರು ತಾಸು ಅಲುಗಾಡದೆ ಮಲಗುತ್ತಾಳೆಂದು ನಾನು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

ಮಗಳಿಗೆ ಆಗ ನಾಲ್ಕು ವರ್ಷ. ಡೌನ್ ಸಿಂಡ್ರೋಮ್ ಇರುವ ಮಗು. ವಿಜಯಪುರದ ನಮ್ಮ ಮನೆಯಲ್ಲಿ ಅವಳು ಒಂದು ದಿನವೂ ನೆಟ್ಟಗೆ ಮಲಗಿದ್ದಿಲ್ಲ. ಕಾಲು ಮಡಚಿ ಕೂತು, ಮುಂದಕ್ಕೆ ಬಾಗಿ, ಹಾಸಿಗೆಗೆ ಹಣೆ ಹಚ್ಚಿ ಮಲಗುವಳು. ದೊಡ್ಡವರಂತೆ ಗೊರಕೆ. ಒಮ್ಮೆಲೇ ಗೊರಕೆ ನಿಂತು, ಉಸಿರು ಸಿಕ್ಕಿಕೊಂಡು ಎದ್ದುಬಿಡುವಳು. ಮುಂಜಾನೆ ಬಾಚಣಿಗೆ ಕಂಡರೆ ಚೀರಾಟ, ಹತ್ತಿರ ಬಂದವರ ಕೂದಲು ಜಗ್ಗಾಟ. "ಇಂಥಾ ಮಕ್ಕಳು ಹಠಮಾರಿ ಇರ್ತಾವ" ಅಂದರು ಎಲ್ಲರೂ. ನಾನೂ ನಂಬಿದೆ.

ನನಗೆ ಬಬಲೇಶ್ವರದಲ್ಲಿ ಶಾಲೆಯ ನೌಕರಿ. ಅಕ್ಕನನ್ನು ಕೊಟ್ಟದ್ದೂ ಅದೇ ಊರಿಗೆ. ದಿನಾ ಬಸ್ಸಿಳಿದು ಮಗಳನ್ನು ಅವಳ ಕೈಗೆ ಕೊಟ್ಟು ಶಾಲೆಗೆ ಹೋಗುತ್ತಿದ್ದೆ. ಸಂಜೆ ಬಂದಾಗ ಮಗಳು ಇನ್ನೂ ಮಂಪರಿನಲ್ಲೇ ಇರುವಳು.

"ನಿನಗ ತಾಳ್ಮಿ ಇಲ್ಲ ನೋಡು. ಕೂಸಿಗೆ ಅದು ತಿಳೀತದ," ಅನ್ನುತ್ತಿದ್ದಳು ಅಕ್ಕ.

ನನಗೆ ನಾಚಿಕೆಯಾಗುತ್ತಿತ್ತು. ಹೇಗೆ ತಟ್ಟುತ್ತೀ, ಯಾವ ಹಾಡು ಹೇಳುತ್ತೀ ಎಂದು ಕೇಳಿಕೊಂಡು ಬಂದು ಮನೆಯಲ್ಲಿ ಹಾಗೇ ಮಾಡಿದೆ. ಮಗಳು ಮಲಗಲಿಲ್ಲ.

ಕಡೆಗೆ ವಿಜಯಪುರದ ಮಕ್ಕಳ ಡಾಕ್ಟರೊಬ್ಬರು ಅವಳ ಗಂಟಲು ನೋಡಿ, "ಇದು ಹಠ ಅಲ್ರಿ. ನಿದ್ದ್ಯಾಗ ಉಸಿರಿನ ದಾರಿ ಮುಚ್ಚಾಕತ್ತೈತಿ. ಗಂಟಲ ಡಾಕ್ಟರಿಗೆ ತೋರಸ್ರಿ. ಅಲ್ಲೀತನಕ ನಿದ್ದಿ ಬರಸೂ ಸಿರಪ್ ಏನೂ ಕೊಡಬ್ಯಾಡ್ರಿ, ಉಸಿರಿಗೆ ಅಪಾಯ" ಅಂದರು.

"ಅಂಥಾದ್ದು ಏನೂ ಕೊಡೂದಿಲ್ರಿ ನಾವು," ಅಂದೆ.

ಗಂಟಲ ಡಾಕ್ಟರಲ್ಲಿಗೆ ಹೋಗುವ ದಿನ ಅರ್ಧ ರಜೆ ಹಾಕಿ ಮಧ್ಯಾಹ್ನವೇ ಅಕ್ಕನ ಮನೆಗೆ ಹೋದೆ. ಬಾಗಿಲು ತೆರೆದಿತ್ತು. ಅಡುಗೆಮನೆಯಲ್ಲಿ ಮಗಳು ಅಕ್ಕನ ತೊಡೆಯ ಮೇಲಿದ್ದಳು. ಅಕ್ಕನ ಕೈಯಲ್ಲಿ ಬಾಟಲಿಯ ಮುಚ್ಚಳ, ಅದರ ತುಂಬ ಕೆಂಪು ಔಷಧ. ಮನೆಯಲ್ಲಿ ಚಮಚ ಕಂಡರೆ ಹಲ್ಲು ಕಚ್ಚಿ ಕೂರುವ ನನ್ನ ಮಗಳು, ಯಾರೂ ಹೇಳದೆ ತಾನಾಗಿ ಬಾಯಿ ತೆರೆದಳು.

ಮುಚ್ಚಳ ಕಸಿದುಕೊಂಡೆ. "ಏನಕ್ಕಾ ಇದು?"

"ಯಾಕ ಒದರ್ತಿ? ನೆಗಡಿ ಔಷಧ."

"ಅಕಿಗೆ ನೆಗಡಿ ಎಲ್ಲೈತಿ?"

ಅಕ್ಕ ಬಾಟಲಿಯನ್ನು ಸೆರಗಿನ ಮರೆಗೆ ಸರಿಸಿದಳು.

"ಎಷ್ಟು ದಿನದಿಂದ?"

"ಮಳಿಗಾಲದಿಂದ. ಅಕಿ ಒಂದು ಕಡೆ ಕುಂದರೂದಿಲ್ಲ. ಇದು ಕುಡದ್ರ ಮಲಗ್ತಾಳ. ನನಗೂ ಮನಿ ಕೆಲಸ ಇರ್ತಾವ."

"ಆಗೂದಿಲ್ಲ ಅಂತ ಹೇಳಬೇಕಿತ್ತಲ್ಲ!"

"ಹ್ಯಾಂಗ ಹೇಳ್ಲಿ? ನೀ ಊರ ತುಂಬ ನನ್ನ ಹೊಗಳಕೋತ ಅಡ್ಡಾಡಿದಿ."

ಔಷಧ ಕೊಟ್ಟದ್ದಕ್ಕಿಂತ, ಕೊಡುತ್ತಲೇ ನನಗೆ ತಾಳ್ಮೆಯ ಪಾಠ ಹೇಳಿದಳಲ್ಲ, ಅದು ನನ್ನನ್ನು ಸುಟ್ಟಿತು. ಒಂದೇ ತಾಯಿಯ ಹಾಲು ಕುಡಿದವರು ನಾವು.

ಮುಂದೆ ಮಗಳ ಉಸಿರಿನ ದಾರಿ ಮುಚ್ಚುತ್ತಿದ್ದ ಗಂಟಲಿನ ಟಾನ್ಸಿಲ್ ಗಡ್ಡೆ ತೆಗೆಸಿದೆವು. ಈಗ ಕಾಲು ಚಾಚಿ ಮಲಗುತ್ತಾಳೆ. ಕೆಲವು ರಾತ್ರಿ ಎದ್ದು ಕೂರುವುದು ಇದ್ದೇ ಇದೆ, ಆದರೆ ಮುಂಜಾನೆಯ ಚೀರಾಟ ಬಹಳ ಕಡಿಮೆ. ಶಾಲೆಯ ಪಕ್ಕದ ಅಂಗನವಾಡಿಗೆ ಬಿಡುತ್ತೇನೆ. ಗಡ್ಡೆ ತೆಗೆಸಿದ ದಿನ ಆಸ್ಪತ್ರೆಗೆ ಅಕ್ಕ ಬುತ್ತಿ ತಂದಿದ್ದಳು. ಇಸಿದುಕೊಂಡೆ, ಕೂತುಕೋ ಅನ್ನಲಿಲ್ಲ.

ಮಗಳಿಗೆ ಇದೇನೂ ಗೊತ್ತಿಲ್ಲ. ಬಬಲೇಶ್ವರದ ಬಸ್ ಸ್ಟ್ಯಾಂಡಿನಲ್ಲಿ ಅಕ್ಕ ಕಂಡರೆ ನನ್ನ ಕೈ ಕೊಸರಿಕೊಂಡು "ದೊಡವ್ವಾ" ಎಂದು ಓಡಿ ಕೊರಳಿಗೆ ಜೋತುಬೀಳುತ್ತಾಳೆ. ನಾನು ತಡೆಯುವುದಿಲ್ಲ.

"ಮನಿಗೆ ಬಂದು ಹೋಗಬೇ," ಅನ್ನುತ್ತಾಳೆ ಅಕ್ಕ.

"ಬಸ್ಸಿನ ಹೊತ್ತಾತು," ಅನ್ನುತ್ತೇನೆ ನಾನು.