ಸರ್ವರ್ ತೆಗೆದ ಅಕ್ಕ

ಹೋದ ವರ್ಷ, ತಮಿಳು ಸೀಮೆಯ ಹನುಮಂತನಪಟ್ಟಿಯಲ್ಲಿರುವ ನಮ್ಮ ಅಕ್ಕನ ತೋಟದಲ್ಲಿ ದ್ರಾಕ್ಷಿ ಕೊಯ್ದ ದಿನ ನಡೆದದ್ದು ಇದು. ಉತ್ತಮಪಾಳಯದಲ್ಲಿ ಕಂಪ್ಯೂಟರ್ ಕಲಿಸುವುದು ನನ್ನ ಕೆಲಸ. ಇಲ್ಲದ ಆಪತ್ತು ಊಹಿಸಿಕೊಂಡು ಹೆದರುವುದು ಹವ್ಯಾಸ. ಇಂಟರ್ನೆಟ್ಟಿನಲ್ಲಿ ನಾವು ಏನು ನೋಡುತ್ತೇವೆಂದು ಬೇರೆಯವರಿಗೆ ತಿಳಿಯದಂತೆ ಕಾಯುವ ಒಂದು ಉಚಿತ ಆ್ಯಪ್ ಇದೆ. ಅದರ ಕನ್ನಡ ಸಹಾಯಪುಟಗಳನ್ನು ಬಿಡುವಿನಲ್ಲಿ ತಿದ್ದುವವರಲ್ಲಿ ನಾನೂ ಒಬ್ಬ. ಅಕ್ಕನ ಫೋನಿಗೂ ಅದನ್ನು ಹಾಕಿ, ಆ್ಯಪ್ ಕೆಲಸ ಮಾಡದಿದ್ದರೆ ನೆಟ್ಟೇ ಬರದಂತೆ ಬಿಗಿ ಮಾಡಿಟ್ಟಿದ್ದೆ. ಅಕ್ಕ ನೋಡುವುದು ದ್ರಾಕ್ಷಿ ದರ ಮತ್ತು ಮೀನು ಸಾರಿನ ವಿಡಿಯೋ. ಅದನ್ನು ಯಾರು ಕದ್ದು ನೋಡುತ್ತಾರೆ ಎಂದು ನನ್ನ ಹೆಂಡತಿಯೂ ಕೇಳಿದ್ದಳು.

ಆ್ಯಪಿನ ಹೊಸ ಆವೃತ್ತಿಯಲ್ಲಿ ‘ಹೆಸರು ಹುಡುಕುವ ಸರ್ವರ್’ ಎಂಬ ಸೆಟ್ಟಿಂಗ್ ಬದಲಾಗಿತ್ತು. ನಾವು ಒಂದು ತಾಣದ ಹೆಸರು ಬರೆದರೆ ಅದರ ವಿಳಾಸ ಹುಡುಕಿ ಕೊಡುವ ಸರ್ವರ್ ಅದು. ಅದರ ಸಹಾಯಪುಟವನ್ನು ಹೊಸದಾಗಿ ಬರೆದೆ. ಜನಕ್ಕೆ ಅರ್ಥವಾಗುತ್ತದೆಯೇ ಎಂದು ನೋಡಲು ಅಕ್ಕನೇ ಆಗಬೇಕು. ನಮ್ಮವರು ಮನೆಯಲ್ಲಿ ಆಡುವುದು ಕನ್ನಡ, ಓದುವುದು ತಮಿಳು. ಮೈಸೂರಿನಲ್ಲಿ ಕೆಲವು ವರ್ಷ ಇದ್ದುದರಿಂದ ನನಗೆ ಮಾತ್ರ ಕನ್ನಡ ಅಕ್ಷರ ಬಂತು. ಹಾಗಾಗಿ ಪುಟವನ್ನು ಗಟ್ಟಿಯಾಗಿ ಓದಿ ಧ್ವನಿ ಸಂದೇಶ ಕಳಿಸಿದೆ: “ಹೆಸರು ಹುಡುಕುವ ಸರ್ವರ್ ತೆಗೆಯಿರಿ. ಒಳಗಿರುವ ಹೊಸ ಗುಂಡಿ ಒತ್ತಿ.”

ಸ್ವಲ್ಪ ಹೊತ್ತಿಗೆ ಅಕ್ಕ ಫೋನ್ ಮಾಡಿದಳು.

“ತಂಬಿ, ನೆಟ್ಟು ಹೋಯ್ತು ಡಾ! ಹಣ್ಣು ಕೊಯ್ದು ಪೆಟ್ಟಿಗೆ ಹಾಕಾಯ್ತು. ದಿಂಡಿಗಲ್ ಯಾವಾರಿ ವಂಡಿ ಮಾರ್ಕಯನ್‌ಕೋಟ್ಟೈಲಿ ನಿಂತದೆ. ಹಣ್ಣಿನ ಫೋಟೋ ಕಂಡ್ರೆ ಇಲ್ಲಿಗೆ, ಇಲ್ಲಾಂದ್ರೆ ಬೇರೆ ತೋಟಕ್ಕೆ ಅಂತಾನೆ.”

ವ್ಯಾಪಾರಿಯ ಗಾಡಿ ಪಕ್ಕದೂರಿನಲ್ಲಿ ಕಾಯುತ್ತಿತ್ತು, ನೆಟ್ಟಿಲ್ಲದೆ ಫೋಟೋ ಹೋಗುವಂತಿರಲಿಲ್ಲ. ಟವರ್ ಕೆಟ್ಟಿತೋ, ಹೊಸ ಆವೃತ್ತಿಯೇ ಕೆಟ್ಟದ್ದೋ, ಒಂದೂ ತಿಳಿಯಲಿಲ್ಲ.

“ಸರ್ವರ್ ತಗ್ದ್ಯಾ?”

“ತಗ್ದೆ.”

“ಒಳಗೆ ಏನದೆ?”

“ತಗ್ದ್‌ಮೇಲೆ ಒಳಗೆ ಏನಿರ್ತದೆ?”

“ಇನ್ನೊಂದ್ಸಲ ತಗಿ.”

“ತಗ್ದದ್ನೇ ಇನ್ನೊಂದ್ಸಲ ಎಂಗ್ ತಗೀಲಿ? ಪೈತ್ಯವಾ ನಿಂಗೆ?”

ಹೌದೇನೋ, ನನಗೆ ಹುಚ್ಚೇ ಇರಬೇಕು ಅನ್ನಿಸಿತು. ಸಿಕ್ಕ ಟೌನ್ ಬಸ್ ಹತ್ತಿದೆ. ಅಕ್ಕನ ಹಣ್ಣು ಪೆಟ್ಟಿಗೆಯಲ್ಲೇ ಬಾಡುವುದು ಕಣ್ಣಿಗೆ ಕಟ್ಟಿತು. ಆ ಪುಟವನ್ನು ಆಗಲೇ ಪ್ರಕಟಿಸಿಬಿಟ್ಟಿದ್ದೆನೋ ಇಲ್ಲವೋ, ಅದೂ ನೆನಪಾಗಲಿಲ್ಲ.

ಅಕ್ಕ ದ್ರಾಕ್ಷಿ ಚಪ್ಪರದ ಕೆಳಗೆ ನಿಂತು ಫೋನ್ ಚಾಚಿದಳು. ನೋಡಿದರೆ ಸರ್ವರ್ ಸಾಲು ಖಾಲಿ! ಅದಿಲ್ಲದೆ ಆ್ಯಪ್ ನಿಂತಿತ್ತು, ಆ್ಯಪ್ ನಿಂತದ್ದಕ್ಕೆ ನೆಟ್ಟೂ ನಿಂತಿತ್ತು.

“ಇಲ್ಲಿದ್ದ ವಿಳಾಸ ಎಲ್ಲಿ ಅಕ್ಕಾ?”

“ನೀನೇ ತಗಿ ಅಂದೆ. ಪಕ್ಕದಲ್ಲೇ ಕಸ ಹಾಕೋ ಕುಪ್ಪೆತೊಟ್ಟಿ ಚಿತ್ರ ಇತ್ತು. ಅದ್ರಲ್ಲಿ ಹಾಕ್ಬುಟ್ಟೆ.”

“ತಗಿ ಅಂದ್ರೆ ಒಳಗೆ ಹೋಗು ಅಂತ! ಕದ ತಗಿ ಅಂತೀವಲ್ಲ, ಹಂಗೆ.”

“ಕಳೆ ತಗಿ ಅಂತಾನೂ ಅಂತೀವಿ.”

“ಹಂಗಾದ್ರೆ ಯಾವ್ದು ಅಂತ ಎಂಗ್ ಗೊತ್ತಾಗ್ತದೆ?”

“ಎದ್ರಿಗೆ ಕದ ಇದ್ರೆ ತಳ್ತೀವಿ, ಕಳೆ ಇದ್ರೆ ಕೀಳ್ತೀವಿ. ನಿನ್ ಸರ್ವರ್ನ ಯಾರು ಕಂಡವ್ರೆ?”

ವಿಳಾಸವನ್ನು ಮತ್ತೆ ತುಂಬಿದೆ. ನೆಟ್ ಬಂತು, ಫೋಟೋ ಹೋಯಿತು. ವ್ಯಾಪಾರಿಯ ಉತ್ತರಕ್ಕೆ ಕಾಯುತ್ತಾ ಅಲ್ಲೇ ಕೂತು ನನ್ನ ಫೋನಿನಲ್ಲಿ ಸಹಾಯಪುಟ ನೋಡಿದೆ. ಪುಣ್ಯಕ್ಕೆ ಇನ್ನೂ ಪ್ರಕಟಿಸಿರಲಿಲ್ಲ. ‘ತೆಗೆಯಿರಿ’ ಅಳಿಸಿ, ‘ಸರ್ವರ್ ಹೆಸರಿನ ಮೇಲೆ ಒತ್ತಿ ಒಳಗೆ ಹೋಗಿ. ಅಲ್ಲಿರುವ ವಿಳಾಸ ಅಳಿಸಬೇಡಿ’ ಎಂದು ಬರೆದೆ.

ಅಷ್ಟರಲ್ಲಿ ರಸ್ತೆಯಿಂದ ವ್ಯಾಪಾರಿಯ ಗಾಡಿಯ ಹಾರನ್ ಕೇಳಿತು.

“ತಂಬಿ, ವಂಡಿ ಬಂತು! ಗೇಟ್ ತಗಿ!”

ಓಡಿಹೋಗಿ ಗೇಟಿಗೆ ಕೈ ಹಾಕಿದವನು ಒಂದು ಕ್ಷಣ ಹಾಗೇ ನಿಂತುಬಿಟ್ಟೆ.

“ಕಿತ್ತಾಕ್ಬೇಡ ಡಾ!” ಹಿಂದಿನಿಂದ ಅಕ್ಕ ಕೂಗಿದಳು.

ಈಗಲೂ ಸಹಾಯಪುಟದಲ್ಲಿ ಒಂದು ಸಾಲು ಬರೆದೆನೆಂದರೆ, ಇದನ್ನು ಓದಿ ಎಲ್ಲಿ ಯಾರು ಯಾವ ಗೇಟು ಕೀಳುತ್ತಿದ್ದಾರೋ ಎಂದು ಹೆದರಿಕೆ ಶುರುವಾಗುತ್ತದೆ.